ಬಣ್ಣವಿಲ್ಲದ ವೇಷಕ್ಕೆ ಒಂದು ಪೀರಿಯಡ್: ಮಂಗಳೂರಿನ ಶಿಕ್ಷಕರಿಗೆ ಬಹಿರಂಗ ಪತ್ರ

ಮಂಗಳೂರು ನಗರದ ಪ್ರಾಥಮಿಕ ಮತ್ತು ಪ್ರೌಢಶಾಲೆಗಳ ಮಾನ್ಯ ಶಿಕ್ಷಕ ಶಿಕ್ಷಕಿಯರಿಗೆ, ಮುಖ್ಯೋಪಾಧ್ಯಾಯರಿಗೆ ಮತ್ತು ಶಾಲಾಭಿವೃದ್ಧಿ ಸಮಿತಿಗಳ ಸದಸ್ಯರಿಗೆ,



ತಮ್ಮ ತರಗತಿಗಳಲ್ಲಿ ನಾಟಕಕ್ಕೆ ಸ್ಥಳ ಕೊಡಬೇಕೆಂದು ಕೋರಿ ಈ ಪತ್ರವನ್ನು ಬರೆಯಲಾಗಿದೆ. ಇಲ್ಲಿ ನಾಟಕವೆಂದರೆ ವಾರ್ಷಿಕೋತ್ಸವದ ನಾಟಕವಲ್ಲ. ವಾರ್ಷಿಕೋತ್ಸವಕ್ಕೆ ಅದರದೇ ಸಂಭ್ರಮವಿದೆ, ಅದಕ್ಕಾಗಿ ತಾವು ಶಾಲೆ ಬಿಟ್ಟ ಮೇಲೂ ಉಳಿದು ಮಕ್ಕಳನ್ನು ಸಜ್ಜುಗೊಳಿಸುವ ಶ್ರಮ ಊರಿಗೆಲ್ಲ ತಿಳಿದದ್ದೇ. ಆದರೆ ಅಲ್ಲಿ ಅವಕಾಶ ಸಿಗುವುದು ಇಡೀ ತರಗತಿಯಲ್ಲಿ ಕೆಲವರಿಗೆ, ಆ ಕೆಲವರಲ್ಲಿಯೂ ಮಾತು ಸಿಗುವುದು ಈಗಾಗಲೇ ಚೆನ್ನಾಗಿ ಮಾತನಾಡಬಲ್ಲ ಮೂರು ನಾಲ್ಕು ಮಂದಿಗೆ, ಮತ್ತು ಆ ಮಾತೂ ದೊಡ್ಡವರು ಬರೆದುಕೊಟ್ಟು ಮಕ್ಕಳು ಉರುಹೊಡೆದ ಮಾತು. ಸಂಭಾಷಣೆಯನ್ನು ಮೊದಲೇ ಧ್ವನಿಮುದ್ರಿಸಿ, ವೇದಿಕೆಯಲ್ಲಿ ಮಕ್ಕಳು ತುಟಿಯನ್ನಷ್ಟೇ ಆಡಿಸುವ ಕ್ರಮವೂ ಹಲವೆಡೆ ರೂಢಿಯಾಗಿದೆ. ನಾಟಕದಿಂದ ಮಗುವಿಗೆ ದಕ್ಕಬೇಕಾದ ಮುಖ್ಯ ಸಂಗತಿ, ಅಂದರೆ ಆ ಕ್ಷಣದಲ್ಲಿ ತನಗೆ ತೋಚಿದ್ದನ್ನು ಇನ್ನೊಬ್ಬರ ಮುಖ ನೋಡಿ ಹೇಳುವ ಧೈರ್ಯ, ಅಂಥ ಕ್ರಮದಲ್ಲಿ ಕೈಬಿಟ್ಟುಹೋಗುತ್ತದೆ ಎಂಬುದನ್ನು ವಿನಯದಿಂದಲೇ, ಆದರೆ ಮುಚ್ಚುಮರೆಯಿಲ್ಲದೆ ಹೇಳಬೇಕಾಗಿದೆ.

ಈ ಪತ್ರದ ವಿಷಯ ತರಗತಿಯೊಳಗಿನ ಪಾತ್ರಾಭಿನಯ. ಪಾತ್ರಾಭಿನಯವೆಂದರೆ, ಶಿಕ್ಷಕರು ಒಂದು ಸನ್ನಿವೇಶವನ್ನು ಕೊಟ್ಟು, ಯಾರು ಯಾರಾಗಿದ್ದಾರೆ, ಎಲ್ಲಿದ್ದಾರೆ, ಪ್ರತಿಯೊಬ್ಬರಿಗೂ ಏನು ಬೇಕಾಗಿದೆ ಎಂಬುದನ್ನು ಮಾತ್ರ ಗೊತ್ತುಪಡಿಸಿ, ಆಡಬೇಕಾದ ಮಾತನ್ನು ಪೂರ್ತಿಯಾಗಿ ಮಕ್ಕಳಿಗೆ ಬಿಟ್ಟುಕೊಡುವ ಕಲಿಕೆಯ ಕ್ರಮ. ಇದಕ್ಕೆ ವೇದಿಕೆ, ಪರದೆ, ಬಾಡಿಗೆಯ ವೇಷಭೂಷಣ ಯಾವುದೂ ಬೇಡ. ಪ್ರೇಕ್ಷಕರೂ ಬೇಡ, ಏಕೆಂದರೆ ತರಗತಿಯ ಎಲ್ಲರೂ ಒಂದಲ್ಲ ಒಂದು ಪಾತ್ರದಲ್ಲಿರುತ್ತಾರೆ. ಹತ್ತು ಹನ್ನೆರಡು ನಿಮಿಷಗಳ ಆಟ ಮುಗಿದ ಮೇಲೆ ಮಕ್ಕಳು ಪಾತ್ರದಿಂದ ಹೊರಬಂದು, ಏನು ನಡೆಯಿತು, ಯಾರಿಗೆ ಏನನ್ನಿಸಿತು, ಬೇರೆ ಯಾವ ರೀತಿಯಲ್ಲಿ ನಡೆಯಬಹುದಿತ್ತು ಎಂದು ಮಾತನಾಡಿಕೊಳ್ಳುವ ಅವಧಿಯೂ ಇದರ ಅಂಗವೇ ಆಗಿದೆ. ಅದನ್ನು ಕೈಬಿಟ್ಟರೆ ಉಳಿಯುವುದು ಹೊತ್ತು ಕಳೆಯುವ ಆಟ ಮಾತ್ರ.

ಕರಾವಳಿಯ ಶಿಕ್ಷಕರಿಗೆ ಈ ಕ್ರಮವನ್ನು ಹೊರಗಿನಿಂದ ತಂದು ಕಲಿಸಬೇಕಾದ ಅಗತ್ಯವಿಲ್ಲ ಎಂಬುದು ಈ ಪತ್ರದ ಮುಖ್ಯ ವಾದ. ಮೇ ತಿಂಗಳ ಕೊನೆಯ ವಾರದಲ್ಲಿ ಬರುವ ಪತ್ತನಾಜೆಯಂದು ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿ ತಿರುಗಾಟ ಮುಗಿಸುತ್ತವೆ. ಶಾಲೆಗಳು ಬಾಗಿಲು ತೆರೆಯುವುದೂ ಹೆಚ್ಚುಕಡಿಮೆ ಅದೇ ಹೊತ್ತಿಗೆ. ಅಲ್ಲಿಂದ ಮುಂದೆ ಮಳೆಗಾಲವಿಡೀ ದೇವಸ್ಥಾನಗಳಲ್ಲಿ, ಸಭಾಭವನಗಳಲ್ಲಿ, ಮನೆಯ ಚಾವಡಿಗಳಲ್ಲಿ ನಡೆಯುವ ತಾಳಮದ್ದಳೆಯ ಕೂಟಗಳು ಪಾತ್ರಾಭಿನಯದ ಪಕ್ವ ರೂಪವೇ ಆಗಿವೆ. ತಾಳಮದ್ದಳೆಯಲ್ಲಿ ಬಣ್ಣವಿಲ್ಲ, ಕಿರೀಟವಿಲ್ಲ, ಕುಣಿತವಿಲ್ಲ. ಹಾಡುವ ಭಾಗವತರು ಮತ್ತು ಚೆಂಡೆ ಮದ್ದಳೆ ನುಡಿಸುವ ಹಿಮ್ಮೇಳದವರು ನಡುವೆ ಕುಳಿತರೆ, ಅವರ ಇಬ್ಬದಿಯಲ್ಲಿ ಅರ್ಥಧಾರಿಗಳು, ಅಂದರೆ ಪಾತ್ರಗಳ ಮಾತನ್ನಾಡುವವರು, ಎದುರುಬದುರಾಗಿ ಕುಳಿತಿರುತ್ತಾರೆ. ಭಾಗವತರು ಪ್ರಸಂಗದ ಪದ್ಯವನ್ನು ಹಾಡಿ ನಿಲ್ಲಿಸಿದೊಡನೆ ಅದರ ಎಳೆ ಹಿಡಿದು ಅರ್ಥಧಾರಿ ಅಲ್ಲಿಯೇ ಮಾತು ಕಟ್ಟುತ್ತಾನೆ. ಅವನ ಕೈಯಲ್ಲಿ ಬರೆದ ಸಂಭಾಷಣೆಯಿಲ್ಲ, ಎದುರಿನವನು ಏನು ಕೇಳಿಬಿಡುತ್ತಾನೆ ಎಂಬುದೂ ಅವನಿಗೆ ಪೂರ್ತಿಯಾಗಿ ತಿಳಿದಿರುವುದಿಲ್ಲ. ಕಥೆಯ ಮಿತಿ, ಪದ್ಯದ ಮಿತಿ, ಪಾತ್ರದ ಮಿತಿ ಇವು ಮಾತ್ರ ಗಟ್ಟಿ, ಆ ಮಿತಿಯೊಳಗೆ ಮಾತು ಸ್ವತಂತ್ರ. ತರಗತಿಯಲ್ಲಿ ಶಿಕ್ಷಕರು ವಹಿಸಬೇಕಾದ ಕೆಲಸ ಭಾಗವತರದ್ದು: ಎತ್ತುಗಡೆ ಮಾಡುವುದು, ಅಂದರೆ ಮಾತಿಗೆ ಮೊದಲಿಡುವುದು, ಮಾತು ದಾರಿ ತಪ್ಪಿದಲ್ಲಿ ಮುಂದಿನ ಪದ್ಯವನ್ನೆತ್ತಿ ಮೆಲ್ಲಗೆ ತಿರುಗಿಸುವುದು, ಉಳಿದಂತೆ ಸುಮ್ಮನಿದ್ದು ಕೇಳುವುದು.

ವಾಲಿವಧೆಯ ಪ್ರಸಂಗವನ್ನೇ ನೋಡಬಹುದು. ಮರೆಯಿಂದ ಬಂದ ಬಾಣಕ್ಕೆ ಸಿಕ್ಕು ನೆಲಕ್ಕೊರಗಿದ ವಾಲಿ, ತನಗೂ ರಾಮನಿಗೂ ಹಗೆಯೇ ಇಲ್ಲದಿರುವಾಗ, ಎದುರು ನಿಂತು ಕಾದದೆ ಕೊಂದದ್ದು ಯಾವ ಧರ್ಮವೆಂದು ಕೇಳುತ್ತಾನೆ. ತಮ್ಮನ ಹೆಂಡತಿಯನ್ನು ಕಸಿದುಕೊಂಡವನನ್ನು ದಂಡಿಸುವುದು ರಾಜಧರ್ಮವೆಂಬ ನೆಲೆಯಿಂದ ರಾಮ ಉತ್ತರಿಸುತ್ತಾನೆ. ಶೇಣಿ ಗೋಪಾಲಕೃಷ್ಣ ಭಟ್ಟ, ಮಲ್ಪೆ ಶಂಕರನಾರಾಯಣ ಸಾಮಗ, ಕುಂಬಳೆ ಸುಂದರ ರಾವ್ ಅವರಂಥ ಅರ್ಥಧಾರಿಗಳ ಕೂಟಗಳಿಗೆ ಜನ ನಿದ್ದೆಗೆಟ್ಟು ಕುಳಿತದ್ದು ಕಥೆ ಏನಾಗುತ್ತದೆಂದು ತಿಳಿಯಲು ಅಲ್ಲ. ತಿಳಿದ ಕಥೆಯೊಳಗೆ ಈ ಬಾರಿ ವಾಲಿಯ ಪ್ರಶ್ನೆ ಎಷ್ಟು ಹರಿತವಾಗಿರುತ್ತದೆ, ಅದಕ್ಕೆ ರಾಮನ ಸಮಾಧಾನ ಎಷ್ಟು ತೂಕದ್ದಾಗಿರುತ್ತದೆ ಎಂಬುದೇ ಅವರ ಕುತೂಹಲವಾಗಿತ್ತು. ಇದಕ್ಕಿಂತ ಮುಖ್ಯವಾದ ಮಾತು ಇನ್ನೊಂದಿದೆ. ಒಂದು ಕೂಟದಲ್ಲಿ ವಾಲಿಯಾದ ಅರ್ಥಧಾರಿ ಇನ್ನೊಂದು ಕೂಟದಲ್ಲಿ ರಾಮನಾಗಬೇಕಾಗುತ್ತದೆ, ಆಗ ತಾನೇ ಕಟ್ಟಿದ ವಾದವನ್ನು ತಾನೇ ಬಿಡಿಸಬೇಕಾಗುತ್ತದೆ. ಕೌರವನ ಅರ್ಥ ಹೇಳುವವನು ಕೌರವನನ್ನು ಹೀನಾಯ ಮಾಡಿ ಮಾತನಾಡಿದರೆ ಕೂಟವೇ ಕೆಡುತ್ತದೆ ಎಂಬುದು ಇಲ್ಲಿನ ಸಾಮಾನ್ಯ ಶ್ರೋತೃವಿಗೂ ಗೊತ್ತು. ಒಪ್ಪದ ನಿಲುವನ್ನೂ ಅದರ ಪೂರ್ಣ ಬಲದೊಂದಿಗೆ ಮಂಡಿಸಬೇಕೆಂಬ ಈ ಶಿಸ್ತನ್ನು ಶಿಕ್ಷಣಶಾಸ್ತ್ರದಲ್ಲಿ ಪಾತ್ರ ವಿನಿಮಯವೆಂದು ಕರೆಯುತ್ತಾರೆ. ತರಬೇತಿಯ ಕೈಪಿಡಿಗಳು ಅದನ್ನು ಹೊಸ ತಂತ್ರವೆಂಬಂತೆ ವಿವರಿಸುವ ಕಾಲದಲ್ಲಿ, ತಲೆಮಾರುಗಳಿಂದ ಅದನ್ನು ಬಳಸಿಕೊಂಡು ಬಂದ ನಾಡಿನ ಶಾಲೆಗಳಲ್ಲಿ ಅದು ಕಾಣದಿರುವುದು ನೋವಿನ ಸಂಗತಿ.

ಹೊರಗಿನ ಅನುಭವವೂ ಇದೇ ದಿಕ್ಕಿನಲ್ಲಿದೆ. ಇಂಗ್ಲೆಂಡಿನ ಸಸೆಕ್ಸಿನ ಸಾಂಪ್ಟಿಂಗ್ ಎಂಬ ಹಳ್ಳಿಯ ಶಾಲೆಯಲ್ಲಿ ಮುಖ್ಯ ಶಿಕ್ಷಕಿಯಾಗಿದ್ದ ಹ್ಯಾರಿಯೆಟ್ ಫಿನ್ಲೆ-ಜಾನ್ಸನ್ 20ನೆಯ ಶತಮಾನದ ಆರಂಭದಲ್ಲಿಯೇ ಚರಿತ್ರೆ, ಭೂಗೋಳದ ಪಾಠಗಳನ್ನು ಮಕ್ಕಳೇ ಕಟ್ಟಿದ ನಾಟಕಗಳ ಮೂಲಕ ನಡೆಸಿದರು. ಹದಿನಾಲ್ಕರ ವಯಸ್ಸಿಗೆ ಶಾಲೆ ಬಿಟ್ಟು ನೇಯ್ಗೆಯ ಗಿರಣಿಯಲ್ಲಿ ದುಡಿದು, ಮುಂದೆ ನ್ಯೂಕ್ಯಾಸಲ್ ವಿಶ್ವವಿದ್ಯಾಲಯದಲ್ಲಿ ಶಿಕ್ಷಕರ ಶಿಕ್ಷಕಿಯಾದ ಡೊರೊಥಿ ಹೀತ್‌ಕೋಟ್ (1926–2011) ಎರಡು ಮುಖ್ಯ ಉಪಾಯಗಳನ್ನು ಬೆಳೆಸಿದರು. ಒಂದರಲ್ಲಿ ಶಿಕ್ಷಕರು ಹೊರಗೆ ನಿಂತು ನಿರ್ದೇಶಿಸುವ ಬದಲು ತಾವೇ ಒಂದು ಪಾತ್ರ ವಹಿಸಿ ಆಟದೊಳಗೆ ಬರುತ್ತಾರೆ. ಇನ್ನೊಂದರಲ್ಲಿ ಮಕ್ಕಳನ್ನು ಯಾವುದೋ ಕೆಲಸದ ತಜ್ಞರೆಂದು ಭಾವಿಸಿ, ತಜ್ಞರಿಗೆ ಒಪ್ಪಿಸುವಂಥ ಹೊಣೆಯನ್ನೇ ಅವರಿಗೆ ಒಪ್ಪಿಸಲಾಗುತ್ತದೆ. ಬ್ರೆಜಿಲ್‌ನ ಅಗಸ್ಟೊ ಬೋಆಲ್ (1931–2009) ರೂಪಿಸಿದ ಫೋರಂ ರಂಗಭೂಮಿಯಲ್ಲಿ ನೋಡುತ್ತ ಕುಳಿತವರು ಆಟವನ್ನು ತಡೆದು, ಪಾತ್ರಧಾರಿಯ ಸ್ಥಾನಕ್ಕೆ ತಾವೇ ಬಂದು, ಅದೇ ತೊಡಕಿಗೆ ಬೇರೆ ಪರಿಹಾರವನ್ನು ಆಡಿ ತೋರಿಸುತ್ತಾರೆ. ಈ ಮೂರನ್ನೂ ಮುಂದೆ ಹೇಳುವ ಚಟುವಟಿಕೆಗಳಲ್ಲಿ ಕಾಣಬಹುದು.

ಈ ಜಿಲ್ಲೆಯ ಮಣ್ಣಿನಲ್ಲಿಯೇ ಮಕ್ಕಳ ರಂಗಭೂಮಿಗೆ ದೊಡ್ಡ ಪರಂಪರೆಯಿದೆ. ಶಿವರಾಮ ಕಾರಂತರು ಪುತ್ತೂರಿನಲ್ಲಿ ಬಾಲವನವನ್ನು ಕಟ್ಟಿ ಮಕ್ಕಳ ಶಿಕ್ಷಣ ಮತ್ತು ನಾಟಕದ ಪ್ರಯೋಗಗಳನ್ನು ನಡೆಸಿದರು. ಬಂಟ್ವಾಳ ತಾಲೂಕಿನ ಮಂಚಿಯ ಬಾಬುಕೋಡಿಯಿಂದ ಹೊರಟು ದೇಶದ ರಂಗಭೂಮಿಯನ್ನೇ ಪ್ರಭಾವಿಸಿದ ಬಿ.ವಿ. ಕಾರಂತರು, ಪಂಜರದೊಳಗೆ ಗಿಳಿಗೆ ಪುಸ್ತಕದ ಹಾಳೆಗಳನ್ನು ತುರುಕಿ ಕೊಲ್ಲುವ ಟಾಗೋರರ ಕಥೆಯನ್ನು ಆಧರಿಸಿ ‘ಪಂಜರಶಾಲೆ’ಯನ್ನು ಮಕ್ಕಳಿಗಾಗಿ ಕಟ್ಟಿದರು, ಪ್ರೇಮಾ ಕಾರಂತರು ಬೆಂಗಳೂರಿನಲ್ಲಿ ಬೆನಕ ಮಕ್ಕಳ ಕೇಂದ್ರವನ್ನು ನಡೆಸಿದರು. ನೆರೆಯ ಉಡುಪಿ ಜಿಲ್ಲೆಯಲ್ಲಿ 1975ರಲ್ಲಿ ಆರಂಭವಾದ ಸಾಲಿಗ್ರಾಮ ಮಕ್ಕಳ ಮೇಳ ಯಕ್ಷಗಾನವನ್ನು ಮಕ್ಕಳ ಕೈಗೆ ಕೊಟ್ಟಿತು, ರಾಷ್ಟ್ರೀಯ ನಾಟಕ ಶಾಲೆ 1989ರಲ್ಲಿ ಶಿಕ್ಷಣದಲ್ಲಿ ರಂಗಭೂಮಿಗೆಂದೇ ಪ್ರತ್ಯೇಕ ತಂಡವನ್ನು ಸ್ಥಾಪಿಸಿತು. ಈಗ ಕರಾವಳಿಯ ಎಷ್ಟೋ ಶಾಲೆಗಳಲ್ಲಿ ಹೆಜ್ಜೆ, ತಾಳ ಕಲಿಸುವ ಯಕ್ಷಶಿಕ್ಷಣದ ತರಗತಿಗಳೂ ನಡೆಯುತ್ತಿವೆ. ಇವೆಲ್ಲ ಗೌರವಕ್ಕೆ ಅರ್ಹವಾದ ಕೆಲಸಗಳೇ. ಆದರೆ ಇವು ಹೆಚ್ಚಾಗಿ ಶಾಲೆಯ ಹೊತ್ತು ಮುಗಿದ ಮೇಲೆ, ಬೇಸಗೆಯ ಶಿಬಿರದಲ್ಲಿ ಅಥವಾ ವೇದಿಕೆಯ ಮೇಲೆ ನಡೆಯುತ್ತವೆ. ಬೆಳಗ್ಗೆ ಹತ್ತೂವರೆಯ ಸಮಾಜವಿಜ್ಞಾನದ ಪೀರಿಯಡ್ಡು ಇವುಗಳಿಂದ ಬದಲಾಗದೆ ಉಳಿದಿದೆ. ಈ ಪತ್ರ ಕೈಚಾಚುವುದು ಆ ಪೀರಿಯಡ್ಡಿಗೆ.

ಐದು ಅಥವಾ ಆರನೆಯ ತರಗತಿಗೆ ಒಪ್ಪುವ ಒಂದು ಚಟುವಟಿಕೆಯನ್ನು ಹತ್ತಿರದಿಂದ ನೋಡಿದರೆ ವಿಷಯ ಸ್ಪಷ್ಟವಾಗುತ್ತದೆ. ಬೆಂಚುಗಳನ್ನು ಎರಡು ಸಾಲಾಗಿ ಸರಿಸಿ ನಡುವೆ ದಾರಿ ಬಿಟ್ಟರೆ ತರಗತಿ ಸಿಟಿ ಬಸ್ಸಾಗುತ್ತದೆ. ಹೊತ್ತು ಸಂಜೆ ನಾಲ್ಕೂವರೆ. ಬಸ್ಸು ಸ್ಟೇಟ್‌ಬ್ಯಾಂಕಿನಿಂದ ಸುರತ್ಕಲ್ಲಿಗೆ ಹೊರಟಿದೆ. ಶಿಕ್ಷಕಿ ಚೀಟಿಗಳನ್ನು ಹಂಚುತ್ತಾರೆ, ಪ್ರತಿ ಚೀಟಿಯಲ್ಲಿ ಎರಡೇ ಸಾಲು: ಆ ವ್ಯಕ್ತಿ ಯಾರು, ಅವರಿಗೆ ಏನು ಬೇಕು. ಕಂಡಕ್ಟರನಿಗೆ ಹಿಂದಿನ ಬಸ್ಸು ಬೆನ್ನಿಗೆ ಬರುವ ಮೊದಲು ಕೂಳೂರು ಸೇತುವೆ ದಾಟಬೇಕು. ದಕ್ಕೆಯಿಂದ ಮೀನು ಕೊಂಡು ಹೊರಟ ಹೆಂಗಸಿಗೆ ತನ್ನ ಬುಟ್ಟಿಗೆ ಜಾಗ ಬೇಕು. ರಿಯಾಯಿತಿ ಪಾಸಿನ ಹುಡುಗಿಗೆ ಭಾರದ ಚೀಲದೊಂದಿಗೆ ಒಳಗೆ ನಿಲ್ಲುವಷ್ಟು ಸ್ಥಳ ಬೇಕು. ಆಸ್ಪತ್ರೆಯಿಂದ ಹಿಂದಿರುಗುವ ಮುದುಕನಿಗೆ ಕುಳಿತುಕೊಳ್ಳಬೇಕು, ಬಾಗಲಕೋಟೆಯಿಂದ ಕಟ್ಟಡದ ಕೆಲಸಕ್ಕೆ ಬಂದ ದಂಪತಿಗೆ ಎಲ್ಲಿ ಇಳಿಯಬೇಕೆಂದು ತಿಳಿಯಬೇಕು. ‘ದುಂಬು ಪೋಲೆ’, ಅಂದರೆ ಮುಂದೆ ಹೋಗಿ, ಎಂದು ಕಂಡಕ್ಟರ್ ತುಳುವಿನಲ್ಲಿ ಕೂಗುತ್ತಿದ್ದಂತೆ ಆಟ ಆರಂಭವಾಗುತ್ತದೆ.

ಮೊದಲ ಬಾರಿ ಎಲ್ಲರೂ ಒಟ್ಟಿಗೇ ಕೂಗುತ್ತಾರೆ, ನಗುತ್ತಾರೆ, ಒಬ್ಬಿಬ್ಬರು ಸಿನಿಮಾದ ಧಾಟಿಯಲ್ಲಿ ಜಗಳ ತೆಗೆಯುತ್ತಾರೆ. ಇದು ಸಹಜವೆಂದು ತಿಳಿದು ಶಿಕ್ಷಕರು ಕಾಯಬೇಕು. ಎರಡನೆಯ ಬಾರಿಗೆ ಒಂದು ನಿಯಮ ಸೇರುತ್ತದೆ: ಬೆಂಚಿನಲ್ಲಿ ಕುಳಿತ ಯಾರು ಬೇಕಾದರೂ ‘ನಿಲ್ಲಿಸಿ’ ಎನ್ನಬಹುದು, ಹಾಗೆಂದವರು ಎದ್ದು ಬಂದು ಆ ಪಾತ್ರವನ್ನು ತಾವೇ ವಹಿಸಿ ಬೇರೆ ರೀತಿಯಲ್ಲಿ ಆಡಿ ತೋರಿಸಬೇಕು. ಬೋಆಲ್‌ನ ಉಪಾಯ ಇಲ್ಲಿ ಬಳಕೆಯಾಗುತ್ತದೆ. ಮೂರನೆಯ ಬಾರಿಗೆ ಕಂಡಕ್ಟರ್ ಮತ್ತು ಪಾಸಿನ ಹುಡುಗಿ ಚೀಟಿಗಳನ್ನು ಅದಲುಬದಲು ಮಾಡಿಕೊಳ್ಳುತ್ತಾರೆ. ಆ ಬಳಿಕ ಕನ್ನಡ ಪಠ್ಯದ ಪತ್ರಲೇಖನಕ್ಕೆ ಬಂದು, ಬಸ್ಸಿನಲ್ಲಿ ವಿದ್ಯಾರ್ಥಿಗಳ ತೊಂದರೆಯ ಕುರಿತು ಸಾರಿಗೆ ಅಧಿಕಾರಿಗೆ ಮನವಿ ಬರೆಯಿರಿ ಎಂದರೆ, ಮಕ್ಕಳ ಬಳಿ ಬರೆಯಲು ವಿಷಯವಿರುತ್ತದೆ. ಕಂಡಕ್ಟರನ ಕಷ್ಟವನ್ನೂ ಒಂದು ಸಾಲಿನಲ್ಲಿ ಕಾಣಿಸುವಷ್ಟು ಅವರ ನೋಟ ಅಗಲವಾಗಿರುತ್ತದೆ. ‘ಮಾನ್ಯರೇ, ಮೇಲಿನ ವಿಷಯಕ್ಕೆ ಸಂಬಂಧಿಸಿದಂತೆ’ ಎಂಬ ಒಕ್ಕಣೆಯನ್ನು ಹಲಗೆಯಿಂದ ಇಳಿಸಿಕೊಳ್ಳುವ ಅಭ್ಯಾಸದಿಂದ ಈ ಫಲ ಬರುವುದಿಲ್ಲ.

ಇನ್ನೂ ಚಿಕ್ಕ ಮಕ್ಕಳಿಗೆ ಇಷ್ಟು ಸಿದ್ಧತೆಯೂ ಬೇಡ. ಬಂಟ್ವಾಳದಲ್ಲಿ ಹುಟ್ಟಿ ಮಂಗಳೂರಿನಲ್ಲಿ ಮೇಷ್ಟರಾಗಿದ್ದ ಪಂಜೆ ಮಂಗೇಶರಾಯರ (1874–1937) ‘ಸಿಗಡಿ ಯಾಕೆ ಒಣಗಲಿಲ್ಲ?’ ಕಥೆಯ ಸರಪಳಿಯಂಥ ಪ್ರಶ್ನೋತ್ತರಕ್ಕೆ ತರಗತಿ ವರ್ತುಲವಾಗಿ ಕುಳಿತರೆ ಸಾಕು, ಒಬ್ಬೊಬ್ಬರಿಗೆ ಒಂದೊಂದು ಪಾತ್ರ ತಾನಾಗಿ ಬರುತ್ತದೆ.

ಪ್ರೌಢಶಾಲೆಯ ಚರಿತ್ರೆಯ ಪಾಠಕ್ಕೆ ಬಾವುಟಗುಡ್ಡೆಗಿಂತ ಒಳ್ಳೆಯ ವಸ್ತು ಈ ನಗರದಲ್ಲಿ ಸಿಗಲಾರದು. 1834ರಲ್ಲಿ ಕೊಡಗನ್ನು ಬ್ರಿಟಿಷರು ವಶಪಡಿಸಿಕೊಂಡ ಮೇಲೆ ಕೊಡಗಿನ ಅರಸರ ಆಳ್ವಿಕೆಯಲ್ಲಿದ್ದ ಅಮರ ಸುಳ್ಯ, ಪುತ್ತೂರು ಪ್ರದೇಶಗಳು ಕೆನರಾ ಜಿಲ್ಲೆಗೆ ಸೇರಿದವು. ಅದುವರೆಗೆ ಕಂದಾಯವನ್ನು ಬೆಳೆಯ ರೂಪದಲ್ಲಿ ಸಲ್ಲಿಸುತ್ತಿದ್ದ ರೈತರು ನಗದು ಕಟ್ಟಬೇಕಾಯಿತು. ನಗದಿಗಾಗಿ ಬೆಳೆಯನ್ನು ಅಗ್ಗಕ್ಕೆ ಮಾರುವುದು, ಸಾಲ ಕೊಡುವವರ ಕೈಗೆ ಸಿಕ್ಕಿಬೀಳುವುದು ಅದರ ಹಿಂದೆಯೇ ಬಂದವು. 1837ರ ಏಪ್ರಿಲ್ 5ರಂದು ಕೆದಂಬಾಡಿ ರಾಮಯ್ಯ ಗೌಡ ಮೊದಲಾದವರ ನಾಯಕತ್ವದಲ್ಲಿ ಸುಳ್ಯದ ಕಡೆಯಿಂದ ಬಂದ ರೈತಪಡೆ ಮಂಗಳೂರನ್ನು ಹಿಡಿದು ಈ ಗುಡ್ಡದ ಮೇಲೆ ಬಾವುಟ ಏರಿಸಿತು, ಹದಿಮೂರು ದಿನ ನಗರ ಅವರ ವಶದಲ್ಲಿತ್ತು ಎಂಬುದನ್ನು ಮಕ್ಕಳು ಒಂದು ಅಂಕದ ಉತ್ತರವಾಗಿ ಕಲಿಯುತ್ತಾರೆ. ಅದೇ ತರಗತಿಯನ್ನು 1836ರ ಒಂದು ಕಂದಾಯ ವಸೂಲಿಯ ದಿನವನ್ನಾಗಿ ಮಾಡಬಹುದು. ಶಿಕ್ಷಕರೇ ವಸೂಲಿಗೆ ಬಂದ ಅಧಿಕಾರಿಯಾಗಿ ಕುಳಿತು, ಹತ್ತು ಮುಡಿ ಅಕ್ಕಿ ತಂದ ರೈತನಿಗೆ ‘ಅಕ್ಕಿ ಬೇಡ, ಹಣ ತಾ’ ಎಂದು ಹೇಳಿದಾಗ, ಆ ರೈತನಾದ ವಿದ್ಯಾರ್ಥಿ ಏನು ಮಾಡಬಲ್ಲ? ಪಕ್ಕದಲ್ಲಿ ವ್ಯಾಪಾರಿಯಿದ್ದಾನೆ, ಅವನು ಹೇಳುವ ಬೆಲೆ ಕಡಿಮೆ. ಸಾಲ ಕೊಡುವವನಿದ್ದಾನೆ, ಅವನ ಬಡ್ಡಿ ಹೆಚ್ಚು. ಶಾನುಭೋಗನಿದ್ದಾನೆ, ಅವನಿಗೆ ರೈತನ ಕಷ್ಟವೂ ಗೊತ್ತು, ತನ್ನ ಕೆಲಸದ ಭಯವೂ ಇದೆ. ದಂಗೆಯ ಕಾರಣಗಳನ್ನು ಪಟ್ಟಿ ಮಾಡಿರಿ ಎಂಬ ಪ್ರಶ್ನೆಗೆ ಉತ್ತರ ಆ ಅರ್ಧ ಗಂಟೆಯಲ್ಲಿ ಮಕ್ಕಳೊಳಗಿನಿಂದಲೇ ಹುಟ್ಟುತ್ತದೆ.

ಚರಿತ್ರೆಯನ್ನು ಆಡುವಾಗ ಒಂದು ಎಚ್ಚರಿಕೆ ಬಹಳ ಮುಖ್ಯ. ಪಾತ್ರಾಭಿನಯದಲ್ಲಿ ಕಲ್ಪನೆ ಇದ್ದೇ ಇರುತ್ತದೆ. ಆದರೆ ಯಾವುದು ಕಲ್ಪನೆ, ಯಾವುದು ದಾಖಲೆ ಎಂಬ ಗೆರೆಯನ್ನು ಆಟದ ಕೊನೆಯಲ್ಲಿ ಮಕ್ಕಳ ಕೈಯಲ್ಲಿಯೇ ಎಳೆಸಬೇಕು. ಇದಕ್ಕೆ ಉಳ್ಳಾಲದ ರಾಣಿ ಅಬ್ಬಕ್ಕನ ಪಾಠ ಹೇಳಿ ಮಾಡಿಸಿದಂತಿದೆ. ಒಬ್ಬ ವಿದ್ಯಾರ್ಥಿನಿ ರಾಣಿಯಾಗಿ ಕುರ್ಚಿಯಲ್ಲಿ ಕುಳಿತು ತರಗತಿಯ ಪ್ರಶ್ನೆಗಳಿಗೆ ಪಾತ್ರದೊಳಗಿದ್ದೇ ಉತ್ತರಿಸುವ ಈ ಕ್ರಮಕ್ಕೆ ಹಾಟ್ ಸೀಟ್ ಎಂದು ಹೆಸರು. 1623ರಲ್ಲಿ ಈ ಕಡೆಗೆ ಬಂದ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಲ್ಲೆ, ಮಾಣೇಲಿನಲ್ಲಿ ತಾನು ಕಂಡ ಉಳ್ಳಾಲದ ರಾಣಿ ಬರಿಗಾಲಲ್ಲಿ ನಡೆದು ಬರುತ್ತಿದ್ದಳೆಂದೂ, ಅವಳಿಗೆ ಹಿಡಿದದ್ದು ತಾಳೆಗರಿಯ ಕೊಡೆಯೆಂದೂ, ಹೊಲಗಳಿಗೆ ನೀರು ಹಾಯಿಸುವ ಕಾಲುವೆಗಳ ಕೆಲಸವನ್ನು ಅವಳು ಸ್ವತಃ ನೋಡುತ್ತಿದ್ದಳೆಂದೂ ಬರೆದಿದ್ದಾನೆ. ರಾಣಿಯೆಂದರೆ ಕುದುರೆ, ಕತ್ತಿ, ಕಿರೀಟ ಎಂದಷ್ಟೇ ಬಲ್ಲ ಮಕ್ಕಳಿಗೆ ಈ ವಿವರ ಕೊಟ್ಟು ನೋಡಬೇಕು: ಕಾಲುವೆಯ ಬಗ್ಗೆ, ಗದ್ದೆಯ ಬಗ್ಗೆ, ಪೋರ್ಚುಗೀಸರ ವ್ಯಾಪಾರದ ಬಗ್ಗೆ ಅವರು ಕೇಳುವ ಪ್ರಶ್ನೆಗಳ ಜಾತಿಯೇ ಬೇರೆಯಾಗುತ್ತದೆ. ಅಬ್ಬಕ್ಕ ಎಂಬ ಹೆಸರಿನಲ್ಲಿ ಒಬ್ಬರಿಗಿಂತ ಹೆಚ್ಚು ರಾಣಿಯರು ಆಳಿದ್ದಿರಬೇಕೆಂಬ ಇತಿಹಾಸಕಾರರ ವಿಚಾರವನ್ನೂ ಆಗಲೇ ತಿಳಿಸಬಹುದು.

ಹೀತ್‌ಕೋಟ್ ಹೇಳಿದ ತಜ್ಞರ ಪಾತ್ರಕ್ಕೆ ಈ ನಗರ ತಾನೇ ಒಂದು ಕಠಿಣ ಪಾಠವನ್ನು ಒದಗಿಸಿದೆ. 2019ರ ಆಗಸ್ಟ್ ತಿಂಗಳ ಮಳೆಯಲ್ಲಿ ಪಚ್ಚನಾಡಿಯ ಕಸದ ರಾಶಿ ಜರಿದು ಕೆಳಗಿನ ಮಂದಾರದ ತೋಟಗಳನ್ನು ಮುಚ್ಚಿತು, ಕುಟುಂಬಗಳು ಮನೆ ಬಿಟ್ಟು ಹೋಗಬೇಕಾಯಿತು. ಒಂಬತ್ತನೆಯ ತರಗತಿಯ ಮಕ್ಕಳು ನಗರದ ಘನತ್ಯಾಜ್ಯದ ಕುರಿತು ಸಲಹೆ ಕೊಡಬೇಕಾದ ಎಂಜಿನಿಯರರು, ಆರೋಗ್ಯಾಧಿಕಾರಿಗಳು, ತೋಟ ಕಳೆದುಕೊಂಡವರು, ಹಸಿ ಕಸ ಒಣ ಕಸ ಬೇರ್ಪಡಿಸದ ಫ್ಲ್ಯಾಟಿನ ನಿವಾಸಿಗಳು, ಕಸ ಎತ್ತುವ ಪೌರಕಾರ್ಮಿಕರು ಆಗಿ ಒಂದು ವಾರ್ಡ್ ಸಭೆಯಲ್ಲಿ ಸೇರಿದರೆ, ಮುಂದಿನ ರಾಶಿ ಎಲ್ಲಿ ಎಂಬ ಪ್ರಶ್ನೆಗೆ ಸುಲಭದ ಉತ್ತರವಿಲ್ಲವೆಂದು ಅವರಿಗೆ ಬೇಗನೆ ಮನವರಿಕೆಯಾಗುತ್ತದೆ. ಪೌರನೀತಿಯ ಪಾಠ ಮುಟ್ಟಬೇಕಾದ ಜಾಗ ಅದು.

ಭಾಷೆಯ ವಿಷಯಕ್ಕೆ ಬರುವುದಾದರೆ, ಮಂಗಳೂರಿನ ಒಂದು ತರಗತಿಯಲ್ಲಿ ತುಳು, ಕೊಂಕಣಿ, ಬ್ಯಾರಿ, ಮಲಯಾಳ ಮನೆಮಾತಿನ ಮಕ್ಕಳು ಒಟ್ಟಿಗಿರುತ್ತಾರೆ. ಸರಕಾರಿ ಶಾಲೆಗಳಲ್ಲಿ ಉತ್ತರ ಕರ್ನಾಟಕದಿಂದ ದುಡಿಯಲು ಬಂದವರ ಮಕ್ಕಳ ಸಂಖ್ಯೆ ದೊಡ್ಡದಿದೆ, ಹಿಂದಿ ರಾಜ್ಯಗಳ ಮಕ್ಕಳೂ ಸೇರಿದ್ದಾರೆ. ಉತ್ತರ ಕರ್ನಾಟಕದ ಮಗುವಿನ ಕನ್ನಡ ಕೇಳಿ ಕರಾವಳಿಯ ಮಕ್ಕಳು ನಗುವುದು, ಕರಾವಳಿಯ ಪುಸ್ತಕದ ಕನ್ನಡ ಕೇಳಿ ಆ ಮಗು ಮೌನವಾಗುವುದು ತಾವು ದಿನವೂ ಕಾಣುವ ದೃಶ್ಯ. ಪಾತ್ರಾಭಿನಯದ ಮೊದಲ ಸುತ್ತಿನಲ್ಲಿ ಪ್ರತಿ ಮಗುವೂ ತನ್ನ ಮನೆಮಾತಿನಲ್ಲಿ ಆಡಲಿ, ಎರಡನೆಯ ಸುತ್ತಿನಲ್ಲಿ ಪಾಠದ ಭಾಷೆಗೆ ಬರಲಿ. ಏನು ಹೇಳಬೇಕೆಂಬುದು ಮೊದಲೇ ಗೊತ್ತಾಗಿರುವುದರಿಂದ ಹೇಗೆ ಹೇಳಬೇಕೆಂಬುದರ ಹೊರೆ ಆಗ ಹಗುರಾಗುತ್ತದೆ. ಮನೆಯಲ್ಲಿ ತುಳುವನ್ನೋ ಮಲಯಾಳವನ್ನೋ ಆಡುವ ಜನ ತಾಳಮದ್ದಳೆಯ ಕೂಟದಲ್ಲಿ ಕುಳಿತಾಗ ಒಂದು ಇಂಗ್ಲಿಷ್ ಶಬ್ದವೂ ನುಸುಳದ ಕನ್ನಡದಲ್ಲಿ ಗಂಟೆಗಟ್ಟಲೆ ವಾದಿಸುವುದು ಈ ನೆಲದಲ್ಲಿ ಕಣ್ಣೆದುರಿಗಿರುವ ಸಾಕ್ಷಿ. ಅವರಲ್ಲಿ ಅನೇಕರು ಆ ಭಾಷೆಯನ್ನು ಕಲಿತದ್ದು ಶಾಲೆಯಲ್ಲಲ್ಲ, ಪಾತ್ರದ ಒತ್ತಡದಲ್ಲಿ. ಇಂಗ್ಲಿಷ್ ಮಾಧ್ಯಮದ ಶಾಲೆಗಳ ಶಿಕ್ಷಕರು ಇಂಗ್ಲಿಷಿಗೂ ಇದೇ ದಾರಿಯನ್ನು ಪರೀಕ್ಷಿಸಿ ನೋಡಬಹುದು.

ತಮ್ಮ ಕಡೆಯಿಂದ ಬರಬಹುದಾದ ಆಕ್ಷೇಪಗಳು ಹಗುರವಾದವಲ್ಲ. ಪೋರ್ಶನ್ ಮುಗಿಯಬೇಕು, ಫಲಿತಾಂಶ ಕೇಳುತ್ತಾರೆ, ಒಂದೇ ಕೋಣೆಯಲ್ಲಿ ಎರಡು ತರಗತಿಗಳಿವೆ, ಪಕ್ಕದ ಕೋಣೆಗೆ ಗಲಾಟೆ ಕೇಳಿಸುತ್ತದೆ, ಬಿಸಿಯೂಟದಿಂದ ಹಿಡಿದು ಸಮೀಕ್ಷೆಯವರೆಗೆ ಕೆಲಸಗಳ ರಾಶಿಯಿದೆ. ಇವೆಲ್ಲ ನಿಜ. ಪಾತ್ರಾಭಿನಯವನ್ನು ಪೋರ್ಶನ್ನಿನ ಮೇಲೆ ಹೊರಿಸುವ ಇನ್ನೊಂದು ಹೊರೆಯಾಗಿ ಮಾಡಿದರೆ ಅದು ನಿಲ್ಲುವುದೂ ಇಲ್ಲ. ಆಗಲೇ ಮಾಡಬೇಕಾಗಿರುವ ಪಾಠವನ್ನು ಮಾಡುವ ದಾರಿಯಾಗಿ ಅದನ್ನು ಬಳಸಿದರೆ ಮಾತ್ರ ಉಳಿಯುತ್ತದೆ. ಇದಕ್ಕೆ ಅಡ್ಡಿಪಡಿಸುವ ಕಾನೂನು ಯಾವುದೂ ಇಲ್ಲ, ಬೆಂಬಲಿಸುವ ಕಾನೂನಿದೆ: 2009ರ ಶಿಕ್ಷಣ ಹಕ್ಕು ಕಾಯ್ದೆಯ 29ನೆಯ ಪ್ರಕರಣ ಚಟುವಟಿಕೆ ಮತ್ತು ಅನ್ವೇಷಣೆಯ ಮೂಲಕ ಕಲಿಕೆಯನ್ನೂ, ಮಗು ಭಯವಿಲ್ಲದೆ ತನ್ನ ಅಭಿಪ್ರಾಯ ಹೇಳಲು ನೆರವಾಗುವುದನ್ನೂ ವಿಧಿಸುತ್ತದೆ. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ನಾಟಕವನ್ನೊಳಗೊಂಡ ಕಲಾಶಿಕ್ಷಣವನ್ನು ಹತ್ತನೆಯ ತರಗತಿಯವರೆಗೆ ಕಡ್ಡಾಯ ಮಾಡಬೇಕೆಂದಿತ್ತು, 2020ರ ಶಿಕ್ಷಣ ನೀತಿ ಕಲೆಯನ್ನು ಇತರ ವಿಷಯಗಳ ಬೋಧನೆಯಲ್ಲಿ ಬೆರೆಸಲು ಹೇಳುತ್ತದೆ. ನಾಟಕ ತಮಗೆ ಬರುವುದಿಲ್ಲ ಎಂದು ಹಿಂಜರಿಯುವ ಶಿಕ್ಷಕಿಯರಿಗೆ ಒಂದು ಮಾತು: ಇಲ್ಲಿ ಬೇಕಾಗಿರುವುದು ನಟನೆಯ ಪ್ರತಿಭೆಯಲ್ಲ, ಮಗು ತಡವರಿಸುವಾಗ ಕಾಯುವ ತಾಳ್ಮೆ, ಅದು ತಮ್ಮಲ್ಲಿ ಧಾರಾಳವಾಗಿದೆ.

ಹಾನಿಯಾಗದಂತೆ ನೋಡಿಕೊಳ್ಳಬೇಕಾದ ಸಂಗತಿಗಳನ್ನು ಸ್ವಲ್ಪ ಕಠಿಣವಾಗಿಯೇ ಹೇಳಬೇಕಾಗಿದೆ. ಮಗುವಿನ ಮನೆಯ ಸ್ಥಿತಿ ಮತ್ತು ಚೀಟಿಯ ಪಾತ್ರ ಒಂದೇ ಆಗಬಾರದು. ಕುಡುಕ ತಂದೆಯಿರುವ ಹುಡುಗನಿಗೆ ಕುಡುಕನ ಪಾತ್ರ, ಪೌರಕಾರ್ಮಿಕರ ಮಗಳಿಗೆ ಕಸ ಎತ್ತುವವಳ ಪಾತ್ರ, ಮಂದಾರದಿಂದ ಬಂದ ಮಗುವಿಗೆ ಮನೆ ಕಳೆದುಕೊಂಡವರ ಪಾತ್ರ ಬಾರದಂತೆ ಚೀಟಿ ಹಂಚುವ ಮೊದಲೇ ಯೋಚಿಸಬೇಕು, ಯಾವ ಮಗುವಿಗೂ ಬೇಡವೆಂದು ಹೇಳುವ ಹಕ್ಕಿರಬೇಕು. ದಪ್ಪಗಿರುವವನು ಯಾವಾಗಲೂ ರಾಕ್ಷಸ, ಕಪ್ಪಗಿರುವವಳು ಯಾವಾಗಲೂ ಕೆಲಸದಾಕೆ ಎಂಬ ಹಂಚಿಕೆ ಎಷ್ಟೋ ಮಕ್ಕಳ ಮನಸ್ಸಿನಲ್ಲಿ ವರ್ಷಗಟ್ಟಲೆ ಗಾಯವಾಗಿ ಉಳಿಯುತ್ತದೆ. ಜಾತಿ, ಮತದ ಹೆಸರು ಹೊತ್ತ ಪಾತ್ರಗಳನ್ನು ಬಿಟ್ಟು ಕಸುಬು, ವಯಸ್ಸು, ಅಗತ್ಯಗಳ ಹೆಸರಿನಲ್ಲಿ ಪಾತ್ರಗಳನ್ನು ಕಟ್ಟುವುದು ಈ ನಗರದ ಇಂದಿನ ಸ್ಥಿತಿಯಲ್ಲಿ ವಿವೇಕದ ದಾರಿ. ಬೇರೆ ಬೇರೆ ಮನೆಗಳಿಂದ ಬಂದ ಮಕ್ಕಳು ಒಬ್ಬರ ಅಗತ್ಯವನ್ನು ಇನ್ನೊಬ್ಬರು ಹೊತ್ತು ಮಾತನಾಡುವುದು ಅಷ್ಟರಿಂದಲೇ ಸಾಧ್ಯವಾಗುತ್ತದೆ. ಆಟ ಮುಗಿದಾಗ ಪ್ರತಿಯೊಬ್ಬರೂ ಚೀಟಿಯನ್ನು ಹಿಂದಿರುಗಿಸಿ ತಮ್ಮ ನಿಜವಾದ ಹೆಸರನ್ನು ಹೇಳಿಕೊಂಡು ಪಾತ್ರದಿಂದ ಹೊರಬರುವ ಕ್ರಮವನ್ನು ಎಂದಿಗೂ ತಪ್ಪಿಸಬಾರದು. ಮೊಬೈಲಿನಲ್ಲಿ ವೀಡಿಯೊ ತೆಗೆದು ಪೋಷಕರ ಗ್ರೂಪಿಗೆ ಹಾಕುವುದನ್ನು ದಯವಿಟ್ಟು ಮಾಡಬೇಡಿ, ಏಕೆಂದರೆ ಕ್ಯಾಮೆರಾ ಎದುರಿಗೆ ಬಂದ ಕೂಡಲೇ ಮಗು ಗೆಳೆಯನೊಡನೆ ಮಾತನಾಡುವುದನ್ನು ಬಿಟ್ಟು ಪ್ರದರ್ಶನಕ್ಕೆ ತೊಡಗುತ್ತದೆ.

ಆದುದರಿಂದ ತಮ್ಮಲ್ಲಿ ಈ ವಿನಂತಿಗಳು. ಶಿಕ್ಷಕರು ಹದಿನೈದು ದಿನಕ್ಕೊಂದು ಪೀರಿಯಡ್ಡನ್ನು, ತಾವೇ ಆರಿಸಿದ ಒಂದು ಪಾಠಕ್ಕೆ, ಈ ಕ್ರಮದಲ್ಲಿ ನಡೆಸಬೇಕು, ಸಂಭಾಷಣೆ ಬರೆದುಕೊಡಬಾರದು, ಹಿಂದಿನ ಬೆಂಚಿನ, ಇದುವರೆಗೆ ವೇದಿಕೆ ಹತ್ತದ ಮಗುವಿಗೆ ಮೊದಲ ಚೀಟಿ ಕೊಡಬೇಕು. ಮುಖ್ಯೋಪಾಧ್ಯಾಯರು ಆ ಪೀರಿಯಡ್ಡಿನ ಗದ್ದಲವನ್ನು ಅಶಿಸ್ತೆಂದು ಎಣಿಸದೆ, ಸಾಧ್ಯವಾದರೆ ಅದಕ್ಕೊಂದು ಮೂಲೆಯ ಕೋಣೆಯನ್ನು ಬಿಡಿಸಿಕೊಡಬೇಕು. ಶಾಲಾಭಿವೃದ್ಧಿ ಸಮಿತಿಯವರು ಇದರಿಂದ ಒಂದು ಪ್ರದರ್ಶನವನ್ನು ನಿರೀಕ್ಷಿಸಬಾರದು. ಇಲಾಖೆಯ ಅಧಿಕಾರಿಗಳಲ್ಲಿ ಕೋರುವುದೇನೆಂದರೆ, ಇದನ್ನು ಪ್ರತಿಭಾ ಕಾರಂಜಿಯ ಇನ್ನೊಂದು ಸ್ಪರ್ಧೆಯಾಗಿಯೂ, ತುಂಬಿ ಕಳುಹಿಸಬೇಕಾದ ಇನ್ನೊಂದು ನಮೂನೆಯಾಗಿಯೂ ಮಾಡಬೇಡಿ. ಬದಲಿಗೆ ಕ್ಲಸ್ಟರ್ ಮಟ್ಟದ ಸಮಾಲೋಚನಾ ಸಭೆಯೊಂದರಲ್ಲಿ, ಕೊಡಿಯಾಲಬೈಲಿನ ಡಯಟ್‌ನ ನೆರವಿನೊಂದಿಗೆ, ನಗರದ ಒಬ್ಬ ಅರ್ಥಧಾರಿಯನ್ನೂ ಒಬ್ಬ ಭಾಗವತರನ್ನೂ ಕರೆಸಿ, ಭಾಷಣಕ್ಕೆ ಬದಲಾಗಿ ಶಿಕ್ಷಕರನ್ನೇ ಇಬ್ಬದಿಯಲ್ಲಿ ಕುಳ್ಳಿರಿಸಿ ಒಂದು ಪದ್ಯಕ್ಕೆ ಅರ್ಥ ಹೇಳಿಸಬೇಕು. ಬರೆಯದ ಮಾತನ್ನಾಡುವ ಅಂಜಿಕೆ ಎಂಥದ್ದು, ಎದುರಿನವರು ಗಮನವಿಟ್ಟು ಕೇಳಿದಾಗ ಅದು ಹೇಗೆ ಕರಗುತ್ತದೆ ಎಂಬುದನ್ನು ಶಿಕ್ಷಕರು ಮೊದಲು ತಾವೇ ಅನುಭವಿಸಬೇಕು. ಬರುವ ಜೂನ್ ತಿಂಗಳಲ್ಲಿ ಒಂದು ಶಾಲೆ, ಒಂದು ತರಗತಿ, ಒಂದು ಪಾಠದಿಂದ ಇದು ಆರಂಭವಾದರೂ ಸಾಕು. ಆ ಪಾಠದಲ್ಲಿ ಮಕ್ಕಳು ಆಡಿದ ಮಾತುಗಳಲ್ಲಿ ನೆನಪಿದ್ದಷ್ಟನ್ನು ಅದೇ ದಿನ ನೋಟ್‌ಬುಕ್ಕಿನಲ್ಲಿ ಬರೆದಿಟ್ಟು, ಜುಲೈನ ಸಮಾಲೋಚನಾ ಸಭೆಯಲ್ಲಿ ಸಹೋದ್ಯೋಗಿಗಳಿಗೆ ಓದಿ ಹೇಳಬೇಕೆಂದು ಕೇಳಿಕೊಳ್ಳಲಾಗಿದೆ.

ಇತಿ,
ಗೌರವಾದರಗಳೊಂದಿಗೆ,
ಶಾಲಾ ರಂಗಶಿಕ್ಷಣದ ಒಬ್ಬ ಹಿತೈಷಿ
ಮಂಗಳೂರು